ಕಾಲುವೆ ಉಣ್ಣೆ

ಮೇಡಂ ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಆಗಲೇ ಜನ ಅವರ ಫೋಟೋಕ್ಕೆ ಕಟ್ಟು ಹಾಕಿಸಿ, ಹಾರ ಏರಿಸಿ, ಅವರನ್ನು ಮಹಾ ಶಾಂತಮೂರ್ತಿ ಮಾಡಿ ಕೂರಿಸಿಬಿಟ್ಟಿದ್ದಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನು ಕಂಡ ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ತೊಳೆದ ಗಾಜಿನ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಕಲೆ ಕಂಡರೂ ಅಟೆಂಡರಿಗೂ ನನಗೂ ಸೇರಿಸಿಯೇ ಬೈಯುತ್ತಿದ್ದರು. ಹೊಗಳುವುದಂತೂ ಅವರಿಗೆ ಬರುತ್ತಲೇ ಇರಲಿಲ್ಲ. ಏಳು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಎಂದರೆ "ಪರವಾಗಿಲ್ಲಪಾ" ಎಂಬ ಒಂದು ಮಾತು, ಅದೂ ಬಸ್ಸು ಹತ್ತುವ ಅವಸರದಲ್ಲಿ.

ಅವರು ಹಿರೇಹಡಗಲಿಯವರು. ಮದುವೆಯಾಗಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದುಕೊಂಡು, ದಿನಾ ಬಸ್ಸಿನಲ್ಲಿ ಕೊಟ್ಟೂರಿಗೆ ಬಂದು, ಅಲ್ಲಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ನಾನು ಹರಪನಹಳ್ಳಿ ಕಡೆಯವನು. ಮೊದಲು ಅವರ ಬಳಿ ಬಿ.ಎಸ್ಸಿ. ಓದಿದೆ, ಆಮೇಲೆ ಪಿಎಚ್.ಡಿ.ಗೆ ಅವರಲ್ಲಿಗೇ ಬಂದೆ. ಅವರ ಮೊದಲ ಪಿಎಚ್.ಡಿ. ವಿದ್ಯಾರ್ಥಿ ನಾನು, ಕೊನೆಯವನೂ ನಾನೇ. ಅದಕ್ಕೆ ಕಾರಣವೂ ನಾನೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ಲ್ಯಾಬಿನಲ್ಲಿ ಒಂದು ಹಳೆಯ ಫ್ರಿಜ್ಜಿತ್ತು. ಸ್ಟಾಫಿನವರು ಚಹಾಕ್ಕೆಂದು ಅದರಲ್ಲಿ ಹಾಲಿನ ಪಾಕೀಟು ಇಡುತ್ತಿದ್ದರು. ಒಂದು ದಿನ ಮೇಡಂ ಹಾಲಿನ ಕೆಳಗಿನ ಅಂಕಣದಲ್ಲಿ ತೋಳದ ಮಲದ ಪೊಟ್ಟಣಗಳನ್ನು ಸಾಲಾಗಿ ಜೋಡಿಸಿದರು. ಗದ್ದಲವೋ ಗದ್ದಲ. ಪ್ರಿನ್ಸಿಪಾಲರೇ ಮೂಗಿಗೆ ಕರ್ಚೀಫು ಹಿಡಿದು ಬಂದರು. ಮೇಡಂ ತಲೆ ಎತ್ತದೆ ಹೇಳಿದರು, "ಹಾಲು ಬ್ಯಾರೆ ಕಡೆ ಇಡ್ರಿ ಸರ್. ಹಾಲು ದಿನಾ ಸಿಗತೈತಿ, ಇದು ಸಿಗಂಗಿಲ್ಲ." ಅಂದಿನಿಂದ ಹಾಲು ಆಫೀಸಿನ ಕಿಟಕಿಗೆ ಹೋಯಿತು, ಮೇಡಂಗೆ 'ತೋಳದ ಮೇಡಂ' ಎಂಬ ಹೆಸರು ಬಂತು. ಅವರಿಗೆ ಆ ಹೆಸರಿನ ಬಗ್ಗೆ ಬೇಸರವೇನೂ ಇದ್ದಂತಿರಲಿಲ್ಲ.

ಚೀಟಿ ಬರೆಯುವುದರಲ್ಲಿ ಮಾತ್ರ ಅವರದು ಅತಿ. ಪೆನ್ಸಿಲ್ಲಿನಲ್ಲೇ ಬರೆಯಬೇಕು, ಶಾಯಿ ಸ್ಪಿರಿಟ್ಟಿಗೆ ಕರಗುತ್ತದೆ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾರು ತಂದರು, ಮೂರೂ ಇರಬೇಕು. ಒಂದು ಕಮ್ಮಿಯಿದ್ದರೆ ಆ ಮಾದರಿ ಕಸದಬುಟ್ಟಿಗೆ. ಒಂದು ದಿನ ಕೊಟ್ಟೂರಿನ ಹತ್ತಿರದ ಹೊಲವೊಂದರಲ್ಲಿ ಇಡೀ ಮಧ್ಯಾಹ್ನ ಬಿಸಿಲಲ್ಲಿ ಅಲೆದು ತಂದ ಮೊಲದ ಕೂದಲನ್ನು, ಚೀಟಿಯಲ್ಲಿ ದಿನ ಬರೆದಿಲ್ಲವೆಂದು ನನ್ನ ಕಣ್ಣೆದುರೇ ಎಸೆದರು. ನಾನು ನಿನ್ನೆಯದೇ ಅಲ್ಲವೇ ಎಂದು ಗೊಣಗಿದೆ. "ನೋಡಿದ್ದು ಬರಿ. ಅಂದ್ಕೊಂಡಿದ್ದು ಬರೀಬ್ಯಾಡ" ಎಂದರು. ಆ ಮಾತನ್ನು ಈಗ ನಾನೂ ಹರಪನಹಳ್ಳಿಯ ನನ್ನ ಕಾಲೇಜಿನಲ್ಲಿ ಹುಡುಗರಿಗೆ ಹೇಳುತ್ತೇನೆ.

ನಮ್ಮ ಕೆಲಸ ಇದ್ದದ್ದು ತೋಳದ ಊಟದ ಮೇಲೆ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ಕಡೆಯ ಕುರುಚಲು ಗುಡ್ಡಗಳಲ್ಲಿ ತೋಳಗಳಿವೆ. ನಮ್ಮ ಕುರಿ ತಿಂದುಹಾಕುತ್ತವೆ ಎಂದು ಕುರಿಗಾರರು ಹೇಳುತ್ತಾರೆ. ಇಲ್ಲ, ಪಾಪ, ಚಿಗರಿ ಜಿಂಕೆ, ಮೊಲ ಹಿಡಿದು ಬದುಕುತ್ತವೆ ಎಂದು ಪಟ್ಟಣದ ಪ್ರಾಣಿಪ್ರಿಯರು ಹೇಳುತ್ತಾರೆ. ಇಬ್ಬರೂ ತೋಳದ ಪಂಕ್ತಿಯಲ್ಲಿ ಕೂತು ಉಂಡವರಲ್ಲ. ಮೇಡಂ, ಮಲದಲ್ಲೂ ಗವಿಯ ಬಾಯಲ್ಲೂ ಸಿಗುವ ತೋಳದ ಕೂದಲನ್ನೇ ಕೇಳೋಣ ಎಂದರು.

ಕೂದಲನ್ನು ಕೇಳುವುದು ಹೀಗೆ. ತಿಂದದ್ದು ಮೈಗೆ ಹತ್ತುವಂತೆ ಕೂದಲಿಗೂ ಹತ್ತುತ್ತದೆ. ಇಂಗಾಲದಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆ. ಎರಡೂ ಕೆಡದೆ ಹಾಗೇ ಉಳಿಯುತ್ತವೆ, ಅದಕ್ಕೇ ಅವನ್ನು ಸ್ಥಿರ ಐಸೋಟೋಪು ಎನ್ನುತ್ತಾರೆ. ಜೋಳ, ಸಜ್ಜೆ, ನಮ್ಮ ಗುಡ್ಡದ ಹುಲ್ಲು, ಇವುಗಳಲ್ಲಿ ಭಾರದ್ದು ತುಸು ಹೆಚ್ಚು. ಭತ್ತದಲ್ಲಿ, ಶೇಂಗಾದಲ್ಲಿ, ಗಿಡಮರದ ಸೊಪ್ಪಿನಲ್ಲಿ ಕಡಿಮೆ. ಮೇಯುವ ಪ್ರಾಣಿಗೆ ಆ ಗುರುತು ಬರುತ್ತದೆ, ಅದನ್ನು ತಿಂದ ತೋಳಕ್ಕೂ ಬರುತ್ತದೆ. ಕುರಿಯ ಗುರುತು, ಚಿಗರಿಯ ಗುರುತು, ಮೊಲದ ಗುರುತು ಎಷ್ಟೆಷ್ಟು ಪಾಲು ಬೆರೆತರೆ ತೋಳದ ಕೂದಲಿನ ಗುರುತು ಬರುತ್ತದೆ ಎಂದು ಕಂಪ್ಯೂಟರು ಲೆಕ್ಕ ಹಾಕಿ ಹೇಳುತ್ತದೆ. ಪುಸ್ತಕದಲ್ಲಿ ಅದಕ್ಕೆ ಮಿಕ್ಸಿಂಗ್ ಮಾಡೆಲ್ ಎಂದು ಹೆಸರು. ಮೇಡಂ ಬೆರಕೆ ಲೆಕ್ಕ ಎನ್ನುತ್ತಿದ್ದರು.

ನನಗೆ ಅದನ್ನು ಅವರು ಕಲಿಸಿದ್ದು ಗುಡ್ಡದ ಬುಡದಲ್ಲಿ, ಬೇವಿನ ಮರದ ಕೆಳಗೆ, ರೊಟ್ಟಿಯ ಗಂಟು ಬಿಚ್ಚಿಕೊಂಡು. ರೊಟ್ಟಿಯ ಮೇಲೆ ಚಟ್ನಿಪುಡಿ ಹಾಕಿ ಕೊಟ್ಟು, "ಇದರಾಗ ಏನೇನು ಐತಿ ಹೇಳು" ಎಂದರು.

"ಶೇಂಗಾ ಮೇಡಂ. ಗುರೆಳ್ಳು. ಬಳ್ಳೊಳ್ಳಿ."

"ಎಷ್ಟೆಷ್ಟು?"

ಅಂದಾಜಿನಲ್ಲಿ ಹೇಳಿದೆ. ಅವರು ತಲೆಯಾಡಿಸಿದರು.

"ಶೇಂಗಾದ ರುಚಿ ಹೆಂಗಿರತೈತಿ ಅಂತ ನಿನಗ ಮೊದ್ಲ ಗೊತ್ತಿತ್ತು, ಅದಕ್ಕ ಹೇಳಿದಿ. ಗೊತ್ತಿದ್ದಿದ್ದ ತಪ್ಪಿದ್ರ? ಲೆಕ್ಕ ಆಗ್ಲೂ ನೂರಕ್ಕ ನೂರು ಹಂಚಿ ಕೊಟ್ಟುಬಿಡತೈತಿ. ಲೆಕ್ಕಕ್ಕ ನಾಚಿಕಿ ಇಲ್ಲಪಾ. ನಮಗ ಇರಬೇಕು."

ಆದ್ದರಿಂದ ಕುರಿಯ ಮಾದರಿ ಹೇಗೆ ತರಬೇಕು ಎಂಬುದನ್ನು ಅವರು ನನಗೆ ಒಂದಲ್ಲ, ನಾಲ್ಕು ಸಲ ಹೇಳಿದ್ದರು. ತೋಳ ಹಿಡಿದು ಬಿಟ್ಟುಹೋದ ಕುರಿಯ ಉಳಿಕೆಯಿಂದ ಮಾಂಸದ ಚೂರು ತರಬೇಕು. ಅದು ಸಿಗದಿದ್ದರೆ ಆ ಗುಡ್ಡದಲ್ಲೇ ಹುಟ್ಟಿ, ಅಲ್ಲೇ ಮೇದ ಮರಿಯ ಉಣ್ಣೆ ತರಬೇಕು. ಒಂದೊಂದೇ ಮರಿ, ಒಂದೊಂದೇ ಚೀಟಿ.

ಮೂರು ತಿಂಗಳು ಅಲೆದೆ. ತೋಳ ಕುರಿ ಹಿಡಿದಿದೆ ಎಂಬ ಸುದ್ದಿ ಬಂದು, ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ನಾಯಿಗಳು ಎಲ್ಲ ಮುಗಿಸಿರುತ್ತಿದ್ದವು. ಮರಿಗಳ ಮೈ ಮುಟ್ಟಲು ಹೆಂಗಸರು ಬಿಡುತ್ತಿರಲಿಲ್ಲ, ದೃಷ್ಟಿಯಾಗುತ್ತದೆ ಎಂದು. ಅದೇ ಹೊತ್ತಿಗೆ ನನ್ನ ಮದುವೆ ಗೊತ್ತಾಗಿತ್ತು, ಅಲೆದಾಟ ಸಾಕುಸಾಕಾಗಿತ್ತು. ಒಂದು ಬೆಳಿಗ್ಗೆ ಗುಡ್ಡದ ಬುಡದ ಒಂದು ಹಳ್ಳಿಗೆ ಹೋದರೆ ಊರ ಹೊರಗಿನ ಬಯಲಲ್ಲಿ ಉಣ್ಣೆ ಕತ್ತರಿಸುತ್ತಿದ್ದರು. ನೂರಾರು ಕುರಿ, ಹತ್ತಾರು ಕತ್ತರಿ, ನೆಲದ ತುಂಬ ಉಣ್ಣೆಯ ಗುಡ್ಡೆ. ಯಾರೂ ನನ್ನತ್ತ ನೋಡುವ ಪುರುಸೊತ್ತಿನಲ್ಲಿ ಇರಲಿಲ್ಲ. ಹತ್ತು ನಿಮಿಷದಲ್ಲಿ ಒಂದು ಚೀಲ ತುಂಬಿಕೊಂಡು ಬಂದೆ. ಬಸ್ಸಿನಲ್ಲಿ ಕೂತು ಅದನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿ ಚೀಟಿ ಬರೆದೆ: ಗುಡ್ಡದ ಹೆಸರು, ಒಂದೊಂದಕ್ಕೆ ಒಂದೊಂದು ದಿನ, 'ಇಲ್ಲೇ ಮೇದ ಮರಿ'. ಪೆನ್ಸಿಲ್ಲಿನಲ್ಲೇ ಬರೆದೆ.

ಉಣ್ಣೆ ಯಾವುದಾದರೇನು ಎಂದುಕೊಂಡಿದ್ದೆ. ಅಷ್ಟು ಓದಿದವನಿಗೆ ಹೊಳೆಯಲಿಲ್ಲ ನೋಡಿ. ಆ ಹಿಂಡು ನಾಲ್ಕು ತಿಂಗಳು ಗಂಗಾವತಿ ಕಡೆಯ ಕಾಲುವೆ ನೀರಾವರಿಯ ಗದ್ದೆಗಳಲ್ಲಿ ಭತ್ತದ ಕೂಳೆ ಮೇದು ಆಗತಾನೇ ಊರಿಗೆ ಮರಳಿತ್ತು. ಆ ಉಣ್ಣೆ ಬೆಳೆದದ್ದು ಭತ್ತದ ಮೇಲೆ. ತೋಳ ತಿನ್ನುವುದು ಊರಿನ ಗುಡ್ಡದಲ್ಲಿ ಹುಲ್ಲು ಮೇದ ಕುರಿಯನ್ನು. ನಾನು ಕುರಿಯ ಗುರುತು ಎಂದು ಲೆಕ್ಕಕ್ಕೆ ಕೊಟ್ಟದ್ದು ಆ ಗುಡ್ಡದಲ್ಲಿ ಬೆಳೆಯದ ಭತ್ತದ ಗುರುತು.

ಲೆಕ್ಕ ನೂರಕ್ಕೆ ನೂರು ಹಂಚಿಕೊಟ್ಟಿತು. ತೋಳದ ಊಟದಲ್ಲಿ ಚಿಗರಿಯದೇ ದೊಡ್ಡ ಪಾಲು, ಕುರಿಯದು ಇದ್ದೂ ಇಲ್ಲದಷ್ಟು. ಮೇಡಂ ಹುಬ್ಬು ಗಂಟಿಕ್ಕಿ, "ಇಷ್ಟು ಕಡಿಮಿ ಹೆಂಗಪಾ?" ಎಂದು ಎರಡು ಸಲ ಲೆಕ್ಕ ಮತ್ತೆ ಹಾಕಿಸಿದರು. ಚೀಟಿಗಳನ್ನು ತೆಗೆದು ಓದಿದರು. ಚೀಟಿಯಲ್ಲಿ ಎಲ್ಲ ಸರಿಯಾಗಿತ್ತು. ಪ್ರಬಂಧ ಬರೆದರು. ದೊಡ್ಡ ಪತ್ರಿಕೆಯೊಂದು ಒಪ್ಪಿಕೊಂಡಿತು. ಐವತ್ತು ದಾಟಿದ ಮೇಲೆ ಅವರಿಗೆ ಸಿಕ್ಕ ಮೊದಲ ದೊಡ್ಡ ಮನ್ನಣೆ ಅದು. ಆ ಪತ್ರ ಬಂದ ದಿನ ಇಡೀ ಸ್ಟಾಫಿಗೆ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು. ಅವರು ಅಷ್ಟು ಹೊತ್ತು ನಕ್ಕದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಆ ಕೆಲಸದ ವರದಿಯ ಒಂದು ಪ್ರತಿ ಅರಣ್ಯ ಇಲಾಖೆಗೂ ಹೋಯಿತು. ಒಂದೆರಡು ತಿಂಗಳ ಮೇಲೆ ಒಬ್ಬ ಮುದುಕ ಕಾಲೇಜಿಗೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ನಿಂತೇ ಕೇಳಿದ.

"ತೋಳದ ಮೇಡಮ್ಮಾರು ಅಂದ್ರ ನೀವೇ ಏನ್ರಿ?"

"ಹೌದು ಯಜಮಾನ್ರ. ಕುಂದರ್ರಿ."

"ಕುಂದ್ರಾಕ ಬಂದಿಲ್ರಿ. ಯಾವ ಕುರಿ ಹೇಳ್ತು ನಿಮಗ, ನಾ ಸುಳ್ಳ ಹೇಳ್ತೀನಿ ಅಂತ?"

ನಡೆದದ್ದು ಇಷ್ಟು. ಪಂಚಾಯ್ತಿ ಕಟ್ಟೆಯ ಮುಂದೆ ಊರೆಲ್ಲ ಸೇರಿದ್ದಾಗ ಒಬ್ಬ ಅಧಿಕಾರಿ ನಮ್ಮ ವರದಿ ತೋರಿಸಿ, ತೋಳ ನಿನ್ನ ಕುರಿ ತಿಂದಿಲ್ಲ, ಪರಿಹಾರಕ್ಕೆ ಸುಳ್ಳು ಅರ್ಜಿ ಕೊಡಬೇಡ ಎಂದು ಈ ಮುದುಕನಿಗೆ ಹೇಳಿದ್ದ. ಹಿಂಡುಗಳು ಬೆರೆತುಹೋದಾಗ ಈ ಮರಿ ಯಾರದು ಎಂದು ತೀರ್ಮಾನ ಹೇಳುವವನು ಆ ಊರಲ್ಲಿ ಇವನೇ. ಇವನು ಬೆರಳು ತೋರಿಸಿದರೆ ಎರಡನೆಯ ಮಾತಿಲ್ಲ. ಈಗ ಎರಡು ವಾರದಿಂದ ಯಾರೂ ಕರೆದಿರಲಿಲ್ಲ. ಹುಡುಗರು ಎದುರಿಗೇ ತೋಳದ ಕಥೆ ಹೇಳು ಎಂದು ನಗುತ್ತಿದ್ದರಂತೆ. ಅವನಿಗೆ ಕುರಿ ಹೋದದ್ದಕ್ಕಿಂತ ಮಾತು ಹೋದದ್ದು ದೊಡ್ಡದಾಗಿತ್ತು.

ಮೇಡಂ ಏನೂ ವಾದ ಮಾಡಲಿಲ್ಲ. ಕಪಾಟಿನಿಂದ ಉಳಿದ ಉಣ್ಣೆಯ ಪೊಟ್ಟಣ ತೆಗೆದು, "ಈ ಕುರಿ ಹೇಳಿದ್ದು ಯಜಮಾನ್ರ" ಎಂದು ಮೇಜಿನ ಮೇಲೆ ಸುರಿದರು. ಮುದುಕ ಒಂದು ಹಿಡಿ ಎತ್ತಿಕೊಂಡ. ಬೆರಳಿನಿಂದ ಬಿಡಿಸಿದ, ಬುಡ ನೋಡಿದ, ಮೂಸಿದ.

"ಇದು ಕಾಲುವಿ ಉಣ್ಣಿ" ಎಂದ. "ನೆಲ್ಲಿನ ಕೂಳಿ ಮೇದ ಕುರೀದು. ಬುಡಕ್ಕ ಎರಿ ಮಣ್ಣು ಹಿಡಿದೈತಿ ನೋಡ್ರಿ. ನಮ್ಮ ಗುಡ್ಡದಾಗ ಮಲಗಿದ ಕುರೀಗೆ ಕೆಮ್ಮಣ್ಣಿರತೈತಿ. ಇದು ಮರಿ ಉಣ್ಣಿನೂ ಅಲ್ಲ."

ಮೇಡಂ ಆ ಉಣ್ಣೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ ಕೇಳಿದರು, "ಇದು ಎಲ್ಲಿಂದ ತಂದಿದ್ದಪಾ?"

ಬೈದಿದ್ದರೆ ಹೇಳಿಬಿಡುತ್ತಿದ್ದೆನೇನೋ. "ನೀವು ಹೇಳಿದ ಕಡೆಯಿಂದಾನೇ ಮೇಡಂ, ಚೀಟಿಯಲ್ಲಿ ಐತಲ್ಲ" ಎಂದೆ. ಮುದುಕ ನನ್ನನ್ನು ನೋಡಿದ. ಕೈಯಲ್ಲಿದ್ದ ಉಣ್ಣೆಯನ್ನು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಲು ಹೋದ.

ಆ ವಾರವೇ ಮೇಡಂ ಒಬ್ಬರೇ ಆ ಊರಿಗೆ ಹೋಗಿ ಬಂದರು, ಮರಿಗಳ ಉಣ್ಣೆ ತಂದರು, ಎಲ್ಲ ಮತ್ತೆ ಅಳೆಸಿದರು. ಗುಡ್ಡದ ಕುರಿಯ ಗುರುತು ಹೆಚ್ಚುಕಮ್ಮಿ ಚಿಗರಿಯದ್ದೇ ಆಗಿತ್ತು. ಪತ್ರಿಕೆಗೆ ಪ್ರಬಂಧ ಹಿಂದಕ್ಕೆ ಪಡೆಯುತ್ತೇನೆ ಎಂದು ಬರೆದರು. ನಾನು ಕೈಮುಗಿದು ಬೇಡಿಕೊಂಡೆ. ಸಣ್ಣ ತಿದ್ದುಪಡಿ ಹಾಕಿದರೆ ಸಾಕು, ನನ್ನ ಪಿಎಚ್.ಡಿ. ಹೋಗುತ್ತದೆ, ನಿಮ್ಮ ಹೆಸರು ಹಾಳಾಗುತ್ತದೆ ಎಂದೆಲ್ಲ ಹೇಳಿದೆ. ಕೊನೆಗೆ ಸಿಟ್ಟಿನಿಂದ, ಒಬ್ಬ ಮುದುಕನ ಮಾತಿಗೆ ಇಷ್ಟೆಲ್ಲ ಮಾಡಬೇಕೇ ಎಂದೆ. ಅವರು ಪತ್ರದ ಕರಡನ್ನು ನನ್ನ ಕಡೆ ಸರಿಸಿದರು. ಅದರಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ. 'ಮಾದರಿ ಸಂಗ್ರಹದಲ್ಲಾದ ತಪ್ಪಿಗೆ ನಾನು ಹೊಣೆ' ಎಂದು ಒಂದೇ ಸಾಲು. ಓದಿ ಮೇಜಿನ ಮೇಲಿಟ್ಟೆ. ಆಗಲೂ ನಿಜ ಒಪ್ಪಿಕೊಳ್ಳಲಿಲ್ಲ, ಬದಲಿಗೆ ಒಳಗೇ ಒಂದು ಸಮಾಧಾನವಾಯಿತು. ಅದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆಮೇಲೆ ಅವರು ನನ್ನನ್ನೂ ಕರೆದುಕೊಂಡು ಆ ಊರಿಗೆ ಹೋದರು. ಯಾವ ಕಟ್ಟೆಯ ಮುಂದೆ ಮುದುಕನಿಗೆ ಸುಳ್ಳ ಎಂದಿದ್ದರೋ ಅದೇ ಕಟ್ಟೆಯ ಮುಂದೆ ಜನ ಸೇರಿಸಿದರು.

"ಯಜಮಾನ್ರು ಸುಳ್ಳು ಹೇಳಿಲ್ರಿ. ನಮ್ಮ ಲೆಕ್ಕ ತಪ್ಪಿತ್ತು. ಬ್ಯಾರೆ ಕಡಿ ಮೇದ ಕುರಿ ಉಣ್ಣಿ ಇಟ್ಕೊಂಡು ಇಲ್ಲಿ ಕುರಿ ಲೆಕ್ಕ ಹಾಕಿದ್ವಿ. ನಿಮ್ಮೆಲ್ಲರ ಮುಂದ ಅವರ ಕ್ಷಮಾ ಕೇಳ್ತೀನಿ."

ಒಬ್ಬ ಎದ್ದು ಕೇಳಿದ, "ಹಂಗಾದ್ರ ತೋಳ ನಮ್ಮ ಕುರೀನ ತಿಂತಾವ ಅಂತ ಬರದು ಕೊಡ್ರಿ ಮೇಡಮ್ಮಾರ."

"ಅದನ್ನೂ ಬರದು ಕೊಡಾಕ ಬರಂಗಿಲ್ರಿ. ನಿಮ್ಮ ಕುರಿ, ಚಿಗರಿ ಎರಡೂ ಒಂದ ಹುಲ್ಲು ಮೇಯತಾವ. ನಮ್ಮ ಲೆಕ್ಕದಾಗ ಎರಡೂ ಒಂದ ಥರ ಕಾಣತಾವ. ತೋಳ ಯಾವುದನ್ನ ಎಷ್ಟು ತಿಂದೈತಿ ಅಂತ ಈ ಲೆಕ್ಕದಾಗ ಹೇಳಾಕ ಆಗಂಗಿಲ್ಲ."

ಜನಕ್ಕೆ ಅದು ರುಚಿಸಲಿಲ್ಲ. ಇಷ್ಟು ಓದಿ ಗೊತ್ತಿಲ್ಲ ಅನ್ನೋಕೆ ಬಂದಿದ್ದಾರೆ ಎಂದು ಯಾರೋ ಹಿಂದಿನಿಂದ ಅಂದರು. ಮುದುಕ ಮಾತ್ರ ಎದ್ದು ಬಂದು, "ಊಟಕ್ಕ ನಮ್ಮ ಮನಿಗೆ ಬರ್ರಿ" ಎಂದ. ಅಂದಿನಿಂದ ಮೇಡಂ ವರ್ಷಕ್ಕೊಮ್ಮೆ ಆ ಮನೆಗೆ ಹೋಗಿ ಉಂಡು ಬರುತ್ತಿದ್ದರು. ನನ್ನನ್ನು ಕರೆದರೂ ನಾನು ಏನಾದರೊಂದು ನೆವ ಹೇಳುತ್ತಿದ್ದೆ.

ನನ್ನ ಪಿಎಚ್.ಡಿ. ಮೂರು ವರ್ಷ ತಡವಾಯಿತು. ಆದರೂ ಆಯಿತು, ಅವರೇ ಕೂತು ಮಾಡಿಸಿದರು. ಅವರಿಗೆ ಮಾತ್ರ ಆಮೇಲೆ ಯಾವ ವಿದ್ಯಾರ್ಥಿಯೂ ಬರಲಿಲ್ಲ, ಯಾವ ಅನುದಾನವೂ ಸಿಗಲಿಲ್ಲ. ಉಣ್ಣೆ ಗುರುತಿಸಲಾರದ ಮೇಡಂ ಎಂದು ಸೆಮಿನಾರುಗಳಲ್ಲಿ ನಗುವವರಿದ್ದರು. ನಾನು ಅದೇ ಸಭೆಗಳಲ್ಲಿ ಡಾಕ್ಟರ್ ಎಂದು ಬಿಲ್ಲೆ ಹಾಕಿಕೊಂಡು ಕೂತಿರುತ್ತಿದ್ದೆ. ಹತ್ತು ವರ್ಷದ ಮೇಲಾಯಿತು. ಹೇಳಬೇಕು, ಈ ಸಲ ಹೋದಾಗ ಹೇಳಬೇಕು ಎಂದುಕೊಂಡೇ ಕಾಲ ಹೋಯಿತು.

ನಿವೃತ್ತಿಯ ಮೇಲೆ ಅವರಿಗೆ ಕಾಯಿಲೆ ಹಿಡಿಯಿತು. ಕೊನೆಯ ಸಲ ಹಗರಿಬೊಮ್ಮನಹಳ್ಳಿಯ ಮನೆಗೆ ಹೋದಾಗ ಹಾಸಿಗೆಗೆ ಒರಗಿ ಕೂತಿದ್ದರು. ಮೈಯಲ್ಲಿ ಏನೂ ಉಳಿದಿರಲಿಲ್ಲ. ನನ್ನ ತಾಯಿಯನ್ನು ವಿಚಾರಿಸಿದರು, ಹುಡುಗರು ಚೀಟಿ ಸರಿಯಾಗಿ ಬರೆಯುತ್ತಾರೋ ಎಂದು ಕೇಳಿದರು. ನಾನು ಮಳೆಯ ಬಗ್ಗೆ, ಬಸ್ಸಿನ ಬಗ್ಗೆ, ನಮ್ಮ ಪ್ರಿನ್ಸಿಪಾಲರ ಬಗ್ಗೆ ಮಾತಾಡಿದೆ. ಎದ್ದು ನಿಂತಾಗ ಅವರು, "ಮತ್ತ ಏನರ ಹೇಳೋದೈತೇನಪಾ?" ಎಂದರು.

"ಏನಿಲ್ಲ ಮೇಡಂ" ಎಂದೆ.

"ಆತು. ಮತ್ತ ಬಾ" ಎಂದರು.

ನಾನು ಮತ್ತೆ ಹೋದದ್ದು ಅವರ ಮಣ್ಣಿಗೆ.

ಹೋದ ವಾರ ಕೊಟ್ಟೂರಿನ ಕಾಲೇಜಿನಲ್ಲಿ ನುಡಿನಮನ ಇಟ್ಟಿದ್ದರು. ಮುಂದಿನ ಸಾಲಿನಲ್ಲಿ ಆ ಕುರಿಗಾರ ಅಜ್ಜ ಕೂತಿದ್ದರು, ಈಗ ಎಂಬತ್ತರ ಹತ್ತಿರ, ಪಕ್ಕದಲ್ಲಿ ಅವರ ಮಗ. ಮಾತಾಡಿದವರೆಲ್ಲ ಒಂದೇ ಮಾತು: ತಮ್ಮ ತಪ್ಪನ್ನು ಜನರ ಮುಂದೆ ಒಪ್ಪಿಕೊಂಡ ದೊಡ್ಡ ಮನಸ್ಸು, ತಮ್ಮ ತಪ್ಪನ್ನು ತಾವೇ ತಿದ್ದಿಕೊಂಡವರು. ತಮ್ಮ ತಪ್ಪು, ತಮ್ಮ ತಪ್ಪು ಎಂದು ನಾಲ್ಕನೆಯವರು ಹೇಳುವಷ್ಟರಲ್ಲಿ ನನಗೆ ಕೂರಲು ಆಗಲಿಲ್ಲ. ನನ್ನ ಹೆಸರು ಕರೆದರು. ಬರೆದು ತಂದಿದ್ದ ಎರಡು ಹಾಳೆ ಜೇಬಿನಲ್ಲೇ ಉಳಿಯಿತು.

"ತಪ್ಪು ಮೇಡಂದಲ್ಲ" ಎಂದೆ. "ಆ ಉಣ್ಣೆ ತಂದವನು ನಾನು. ಮೇಡಂ ಹೇಳಿದ ಕಡೆ ಹೋಗಲಿಲ್ಲ. ಕತ್ತರಿಸಿದ ಗುಡ್ಡೆಯಿಂದ ತುಂಬಿಕೊಂಡು ಬಂದು ಸುಳ್ಳು ಚೀಟಿ ಬರೆದೆ. ಅವರು ಕೇಳಿದಾಗಲೂ ಸುಳ್ಳು ಹೇಳಿದೆ." ಇಳಿದು ಬಂದೆ.

ಹೊರಗೆ ಅಂಗಳದಲ್ಲಿ ಅಜ್ಜನ ಕಾಲು ಮುಟ್ಟಲು ಬಾಗಿದೆ. ಅವರು ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

"ನನಗ ಗೊತ್ತಿತ್ತು ತಮ್ಮಾ. ಅವತ್ತ ಕತ್ತರಿ ಹಿಡಿದು ಕುಂತಾವ ನಾನ. ನೀ ಚೀಲ ತುಂಬೋದು ನೋಡಿದ್ದೆ."

"ಮೇಡಂಗೆ ಹೇಳಲಿಲ್ವಾ ಅಜ್ಜಾರ?"

"ಊಟಕ್ಕ ಬಂದಾಗ ಹೇಳಿದೆ. 'ನನಗೂ ಗೊತ್ತೈತಿ ಯಜಮಾನ್ರ, ಅವನ ಬಾಯಿಂದ ಬರ್ಲಿ, ನೀವು ಎಲ್ಲೂ ಅನಬ್ಯಾಡ್ರಿ' ಅಂದ್ರು ಮೇಡಮ್ಮಾರು. ಆಮ್ಯಾಲ ವರ್ಷಾ ಬಂದಾಗ ಕೇಳ್ತಿದ್ದೆ, 'ಹುಡುಗ ಹೇಳಿದ್ನೇನ್ರಿ ಮೇಡಮ್ಮಾರ' ಅಂತ. 'ಇನ್ನಾ ಇಲ್ರಿ, ಹೇಳ್ತಾನ' ಅಂತಿದ್ರು."

ಅಜ್ಜ ಕಂಬಳಿ ಸರಿಮಾಡಿಕೊಂಡರು.

"ಹೋದ ವರ್ಷಾನೂ ಕೇಳಿದ್ದೆ" ಎಂದರು.